ಫಿಫ್ತ್ ವೀಲ್ ಟ್ರೇಲರ್, ಅದನ್ನು ಹೊರುವ ಟ್ರಕ್: ಕೊಳ್ಳುವ ಮುನ್ನ ಹಾಕಬೇಕಾದ ಲೆಕ್ಕ

ಫಿಫ್ತ್ ವೀಲ್ ಎಂದರೆ ಪಿಕಪ್ ಟ್ರಕ್ಕಿಗೆ ಕೊಂಡಿ ಹಾಕಿ ಎಳೆದೊಯ್ಯುವ, ಒಳಗೇ ವಾಸಿಸಬಹುದಾದ ಗಾಲಿಮನೆ. ಅಮೆರಿಕ, ಕೆನಡಾದಲ್ಲಿರುವ ಓದುಗರಿಂದ ಪದೇ ಪದೇ ಬರುವ ಪ್ರಶ್ನೆ ಇದು: "ನಮ್ಮ ಪಿಕಪ್ 13,000 ಪೌಂಡ್ ಎಳೆಯುತ್ತದೆ ಅಂತ ಕಂಪನಿಯವರೇ ಹೇಳಿದ್ದಾರೆ. 12,000 ಪೌಂಡಿನ ಫಿಫ್ತ್ ವೀಲ್ ತಗೊಂಡು ಚಳಿಗಾಲ ಕಳೆಯೋಕೆ ಅರಿಜೋನಾಕ್ಕೆ ಹೋಗಬಹುದಲ್ಲ?" ಹೆಚ್ಚಿನ ಸಲ ಉತ್ತರ, ಹೋಗಬಾರದು. ಆ ಟ್ರಕ್ಕಿಗೆ ಎಳೆಯುವ ಶಕ್ತಿ ಇದ್ದೀತು, ಹೊರುವ ಶಕ್ತಿ ಇರುವುದಿಲ್ಲ. ಇಡೀ ಖರೀದಿ ನಿಂತಿರುವುದು ಈ ಒಂದು ವ್ಯತ್ಯಾಸದ ಮೇಲೆ. ಮಾರಾಟಗಾರರು ಇದನ್ನು ತಾವಾಗಿ ಬಾಯಿ ಬಿಟ್ಟು ಹೇಳುವುದು ಅಪರೂಪ.

ಫಿಫ್ತ್ ವೀಲ್ ಟ್ರೇಲರಿನ ಮುಂಭಾಗ ಪಿಕಪ್ಪಿನ ಹಿಂದಿನ ತೊಟ್ಟಿಯ ಮೇಲಕ್ಕೆ ಚಾಚಿಕೊಂಡಿರುತ್ತದೆ. ಅದರ ಅಡಿಯಲ್ಲಿ ಎರಡು ಇಂಚು ದಪ್ಪದ ಉಕ್ಕಿನ ಗೂಟ ಇಳಿಬಿದ್ದಿರುತ್ತದೆ, ಅದೇ ಕಿಂಗ್‌ಪಿನ್. ತೊಟ್ಟಿಯೊಳಗೆ ಕೂರಿಸಿದ ಹಿಚ್ ಎಂಬ ಕೊಂಡಿಯ ದವಡೆ ಈ ಗೂಟವನ್ನು ಹಿಡಿದುಕೊಳ್ಳುತ್ತದೆ. ಹಿಡಿತ ಬೀಳುವುದು ಹಿಂದಿನ ಆಕ್ಸಲ್‌ನ ಮೇಲೆ ಅಥವಾ ಸ್ವಲ್ಪ ಮುಂದೆ. ಬಂಪರಿಗೆ ಸಿಕ್ಕಿಸುವ ಸಾಮಾನ್ಯ ಟ್ರೇಲರಿನಂತೆ ಇದು ಗಾಳಿಗೆ ಬಾಲ ಬೀಸದಿರುವುದು ಇದೇ ಕಾರಣಕ್ಕೆ. ಆದರೆ ಸಾಮಾನ್ಯ ಟ್ರೇಲರ್ ತನ್ನ ತೂಕದ ಶೇ. 10-15ರಷ್ಟನ್ನು ವಾಹನದ ಮೇಲೆ ಹೇರಿದರೆ ಫಿಫ್ತ್ ವೀಲ್ ಶೇ. 20ಕ್ಕೂ ಹೆಚ್ಚು ಹೇರುತ್ತದೆ. ಎತ್ತಿನ ಗಾಡಿ ಹೂಡಿ ಗೊತ್ತಿದ್ದವರಿಗೆ ಇದನ್ನು ವಿವರಿಸಬೇಕಿಲ್ಲ: ಗಾಡಿ ಮುಂಭಾರವಾದರೆ ಎಳೆತ ಎಷ್ಟೇ ಹಗುರವಿದ್ದರೂ ನೊಗದ ಭಾರಕ್ಕೆ ಎತ್ತಿನ ಕುತ್ತಿಗೆ ಕುಸಿಯುತ್ತದೆ.

ಕೆಲವು ಪದಗಳ ಅರ್ಥ ತಿಳಿದಿರಲಿ. ಜಿವಿಡಬ್ಲ್ಯುಆರ್ ಎಂದರೆ ಒಂದು ವಾಹನ ಅಥವಾ ಟ್ರೇಲರ್ ಸಾಮಾನು ಸಮೇತ ಮುಟ್ಟಬಹುದಾದ ಗರಿಷ್ಠ ತೂಕ. ಜಿಸಿಡಬ್ಲ್ಯುಆರ್ ಎಂದರೆ ಟ್ರಕ್, ಟ್ರೇಲರ್ ಎರಡೂ ಸೇರಿದ ಮಿತಿ. ಒಣ ತೂಕ ಎಂದರೆ ನೀರು, ಬಟ್ಟೆ, ಪಾತ್ರೆ ಏನೂ ಇಲ್ಲದೆ ಕಾರ್ಖಾನೆಯಿಂದ ಹೊರಬಂದ ಟ್ರೇಲರಿನ ತೂಕ. ಪೇಲೋಡ್ ಎಂದರೆ ಟ್ರಕ್ ತನ್ನ ಮೈಮೇಲೆ ಹೊರಬಹುದಾದ ಒಟ್ಟು ಭಾರ. ಕಿಂಗ್‌ಪಿನ್ ಮೂಲಕ ಟ್ರಕ್ಕಿನ ಮೇಲೆ ಬೀಳುವುದು ಪಿನ್ ಭಾರ. ಸ್ಟಿಕ್ಕರುಗಳಲ್ಲಿ ಎಲ್ಲವೂ ಪೌಂಡಿನಲ್ಲೇ ಇರುವುದರಿಂದ ಇಲ್ಲೂ ಹಾಗೇ ಬರೆದಿದೆ. 1,000 ಪೌಂಡ್ ಎಂದರೆ ಸುಮಾರು 454 ಕೆ.ಜಿ.

1. ಎಲ್ಲಿ ಇರುತ್ತೀರಿ, ಎಷ್ಟು ಸಲ ಜಾಗ ಬದಲಿಸುತ್ತೀರಿ?

ಚಳಿಗಾಲಕ್ಕೆ ದಕ್ಷಿಣಕ್ಕಿಳಿಯುವವರು ಹೆಚ್ಚಾಗಿ ಹೋಗುವುದು ಅರಿಜೋನಾದ ಮೆಸಾ, ಯೂಮಾ, ಕ್ವಾರ್ಟ್‌ಸೈಟ್ ಕಡೆಗೆ, ಟೆಕ್ಸಸ್‌ನ ರಿಯೊ ಗ್ರಾಂಡ್ ಕಣಿವೆಗೆ ಅಥವಾ ಫ್ಲಾರಿಡಾಕ್ಕೆ. ಈ ಜಾಗಗಳಲ್ಲಿ ಇರುವ ರೀತಿ ಎರಡು. ಒಂದು, ಆರ್‌ವಿ ಪಾರ್ಕಿನಲ್ಲಿ (ಇಂಥ ಗಾಲಿಮನೆಗಳನ್ನು ಆರ್‌ವಿ ಎನ್ನುತ್ತಾರೆ) ತಿಂಗಳ ಅಥವಾ ಋತುವಿನ ಬಾಡಿಗೆಗೆ ನೀರು, ಕರೆಂಟು, ಒಳಚರಂಡಿ ಇರುವ ಜಾಗ ಹಿಡಿಯುವುದು. ಇನ್ನೊಂದು, ಸರ್ಕಾರಿ ಬಯಲಿನಲ್ಲಿ ಇರುವುದು. ಕ್ವಾರ್ಟ್‌ಸೈಟ್ ಬಳಿಯ ಲಾ ಪೋಸಾ, ಯೂಮಾ ಬಳಿಯ ಇಂಪೀರಿಯಲ್ ಡ್ಯಾಮ್ ದೀರ್ಘಾವಧಿ ತಾಣಗಳಲ್ಲಿ ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ ಒಂದೇ ಪರವಾನಗಿಯಲ್ಲಿ ಉಳಿಯಬಹುದು. ಆದರೆ ನಿಮ್ಮ ಜಾಗದಲ್ಲಿ ನಲ್ಲಿಯೂ ಇಲ್ಲ, ಪ್ಲಗ್ಗೂ ಇಲ್ಲ. ಬಯಲೇ ನಿಮ್ಮ ಆಯ್ಕೆಯಾದರೆ ದೊಡ್ಡ ಟ್ಯಾಂಕು, ಸೋಲಾರ್, ಲಿಥಿಯಂ ಬ್ಯಾಟರಿಗೆ ದುಡ್ಡು ಹಾಕಿ. ಪಾರ್ಕ್ ಆದರೆ ಅದೇ ದುಡ್ಡನ್ನು ಬಿಸಿಲು ಚಳಿ ತಡೆಯುವ ಒಳ್ಳೆಯ ಗೋಡೆಗೂ ಎರಡನೇ ಎಸಿಗೂ ಹಾಕಿ.

ವರ್ಷಕ್ಕೆ ಎರಡೇ ಸಲ ಟ್ರೇಲರನ್ನು ಕದಲಿಸುವುದಾದರೆ ದೊಡ್ಡ ಟ್ರಕ್ ಕೊಳ್ಳುವ ಮಾತೇ ಅನುಮಾನ. ಟ್ರೇಲರ್ ಸಾಗಿಸಿಕೊಡುವ ವೃತ್ತಿಪರ ಚಾಲಕರು ಸಿಗುತ್ತಾರೆ. ಎಪ್ಪತ್ತು ಎಂಬತ್ತು ಸಾವಿರ ಡಾಲರಿನ ಟ್ರಕ್ ಕೊಂಡು ಐದು ತಿಂಗಳು ಅದರಲ್ಲಿ ತರಕಾರಿ ತರುವುದಕ್ಕಿಂತ ವರ್ಷಕ್ಕೆರಡು ಸಲ ಸಾಗಣೆ ಖರ್ಚು ಕೊಡುವುದೇ ಅಗ್ಗ. ಟ್ರೇಲರನ್ನು ಪಾರ್ಕಿನಲ್ಲೇ ಬಿಟ್ಟು ಬರುವವರೂ ಬಹಳ ಜನ ಇದ್ದಾರೆ. ಎಂದೂ ಕದಲಿಸುವುದಿಲ್ಲವೆಂದು ಖಚಿತವಿದ್ದರೆ ಪಾರ್ಕ್ ಮಾಡೆಲ್ ಎಂಬ ಸ್ಥಿರ ಪುಟ್ಟ ಮನೆಯನ್ನೂ ನೋಡಿ.

ಕೆನಡಾದವರಿಗೆ ಎರಡು ಮಾತು. ಕೆನಡಾ ಪೌರರಿಗೆ ಅಮೆರಿಕದಲ್ಲಿ ಸಾಮಾನ್ಯವಾಗಿ ಆರು ತಿಂಗಳವರೆಗೆ ಪ್ರವಾಸಿಯಾಗಿ ಇರಲು ಬಿಡುತ್ತಾರೆ. ಪಿಆರ್ (ಕಾಯಂ ವಾಸದ ಹಕ್ಕು) ಮಾತ್ರ ಇದ್ದು ಭಾರತದ ಪಾಸ್‌ಪೋರ್ಟಿನಲ್ಲೇ ಇರುವವರಿಗೆ ಅಮೆರಿಕದ ವೀಸಾ ಬೇಕೇ ಬೇಕು. ಪ್ರಾಂತ್ಯದ ಆರೋಗ್ಯ ವಿಮೆ ಗಡಿಯಾಚೆಗೆ ಕೊಡುವುದು ಪುಡಿಗಾಸು, ಆದ್ದರಿಂದ ಪ್ರವಾಸಿ ವೈದ್ಯಕೀಯ ವಿಮೆ ಇಲ್ಲದೆ ಹೊರಡಬೇಡಿ.

2. ಮೊದಲು ಟ್ರೇಲರ್, ಆಮೇಲೆ ಟ್ರಕ್

ಟ್ರಕ್ ಮೊದಲು ಕೊಂಡವರು ಆ ಟ್ರಕ್ಕಿಗೆ ಹೊಂದುವ ಟ್ರೇಲರಿಗಾಗಿ ಅಲೆಯುತ್ತಾರೆ. ಸಿಗದಿದ್ದಾಗ "ಸ್ವಲ್ಪ ಹೆಚ್ಚಾದರೆ ಏನಂತೆ" ಎಂದು ಭಾರದ್ದನ್ನೇ ಕೊಳ್ಳುತ್ತಾರೆ. ನಾಲ್ಕೈದು ತಿಂಗಳು ಬದುಕಬೇಕಾದ್ದು ಟ್ರೇಲರಿನೊಳಗೆ, ಅದನ್ನೇ ಮೊದಲು ಗೊತ್ತುಮಾಡಿ.

ಇಬ್ಬರಿಗೆ 28ರಿಂದ 34 ಅಡಿ ಸಾಕು. ಅದಕ್ಕೂ ಉದ್ದವಾದರೆ ರಾಜ್ಯ, ರಾಷ್ಟ್ರೀಯ ಉದ್ಯಾನಗಳ ಹಳೆಯ ಕ್ಯಾಂಪ್ ಜಾಗಗಳಲ್ಲಿ ಹಿಡಿಸುವುದಿಲ್ಲ. ಪ್ರದರ್ಶನದಲ್ಲಿ ನೋಡುವಾಗ ಸ್ಲೈಡ್‌ಗಳನ್ನು, ಅಂದರೆ ಹೊರಕ್ಕೆ ಚಾಚುವ ಕೋಣೆಯ ಭಾಗಗಳನ್ನು, ಪೂರ್ತಿ ಒಳಗೆ ಎಳೆಸಿ. ಆಗ ಶೌಚಾಲಯಕ್ಕೂ ಫ್ರಿಜ್ಜಿಗೂ ಕೈಕಾಲು ಹೋಗುತ್ತದೆಯೇ? ದಾರಿಯಲ್ಲಿ ಒಂದು ರಾತ್ರಿ ವಿಶ್ರಾಂತಿ ತಾಣದಲ್ಲಿ ನಿಂತಾಗ ಇದರ ಬೆಲೆ ಗೊತ್ತಾಗುತ್ತದೆ. ಮಲಗುವ ಕೋಣೆ ಹೆಚ್ಚಾಗಿ ಮುಂಭಾಗದ ಎತ್ತರದಲ್ಲಿರುತ್ತದೆ, ಎರಡು ಮೂರು ಮೆಟ್ಟಿಲು ಹತ್ತಬೇಕು. ಊರಿನಿಂದ ಅಪ್ಪ ಅಮ್ಮ ಬಂದು ಜೊತೆಗಿರುವ ಯೋಚನೆಯಿದ್ದರೆ ಮಂಡಿ ನೋವಿನ ಲೆಕ್ಕವನ್ನೂ ಹಾಕಿ. ಟ್ರೇಲರ್ ಚಲಿಸುವಾಗ ಒಳಗೆ ಯಾರನ್ನೂ ಕೂರಿಸಬಾರದು, ಹಾಗಾಗಿ ಅವರು ಕೂರಲೂ ಟ್ರಕ್ಕಿನಲ್ಲಿ ಹಿಂದಿನ ಸೀಟು ಬೇಕು.

ನಮ್ಮ ಅಡುಗೆಗೆ ಒಂದು ಪರೀಕ್ಷೆ ಇದೆ. ಒಲೆಯ ಮೇಲಿನ ಎಕ್ಸಾಸ್ಟ್ ನಿಜವಾಗಿ ಹೊರಗೆ ಗಾಳಿ ಬಿಡುತ್ತದೆಯೇ ಎಂದು ಹೊರಗೋಡೆಯ ಮುಚ್ಚಳ ಎತ್ತಿ ನೋಡಿ. ಎಷ್ಟೋ ಟ್ರೇಲರುಗಳಲ್ಲಿ ಮೈಕ್ರೋವೇವ್ ಕೆಳಗಿನ ಫ್ಯಾನ್ ಗಾಳಿಯನ್ನು ಜಾಲರಿಯಲ್ಲಿ ಸೋಸಿ ಮತ್ತೆ ಒಳಗೇ ಬಿಡುತ್ತದೆ. ಅಲ್ಲಿ ಒಣಮೆಣಸಿನಕಾಯಿ ಒಗ್ಗರಣೆ ಹಾಕಿದರೆ ಹೊಗೆ ಅಲಾರಂ ಬಡಿದುಕೊಳ್ಳುತ್ತದೆ, ಘಾಟು ಹಾಸಿಗೆಯವರೆಗೂ ಹೋಗುತ್ತದೆ. ಅಲಾರಂ ಬ್ಯಾಟರಿ ಕಿತ್ತಿಡುವುದು ಪರಿಹಾರವಲ್ಲ. ಚಾವಣಿಯ ಫ್ಯಾನ್ ಹಾಕಿ, ಕಿಟಕಿ ತೆರೆದು ಅಡುಗೆ ಮಾಡಿ. ಕುಕ್ಕರಿನ ಹಬೆಯೂ ತೊಂದರೆಯದೇ: ಚಳಿಯ ರಾತ್ರಿ ಅದು ಕಿಟಕಿ, ಕಪಾಟಿನ ಹಿಂಗೋಡೆಗಳಲ್ಲಿ ನೀರಾಗಿ ಇಳಿದು ಬೂಷ್ಟು ಕಟ್ಟುತ್ತದೆ.

ಕರೆಂಟಿನಲ್ಲಿ 30 ಆಂಪ್, 50 ಆಂಪ್ ಎಂದು ಎರಡು ಬಗೆ. ಹೆಸರು ನೋಡಿದರೆ ಎರಡರ ಅಂತರ ಸಣ್ಣದೆನ್ನಿಸುತ್ತದೆ. 30 ಆಂಪಿನಲ್ಲಿ ಸಿಗುವುದು 3,600 ವ್ಯಾಟ್. 50 ಆಂಪಿನಲ್ಲಿ 120 ವೋಲ್ಟಿನ ಎರಡು ಗೆರೆ ಬರುವುದರಿಂದ 12,000 ವ್ಯಾಟ್. 30 ಆಂಪಿನಲ್ಲಿ ಎಸಿ ಸುಮಾರು 1,500 ವ್ಯಾಟ್ ತಿನ್ನುತ್ತಿರುವಾಗ 1,800 ವ್ಯಾಟಿನ ಇಂಡಕ್ಷನ್ ಒಲೆ ಹಚ್ಚಿ, ಮೇಲೆ ಮಿಕ್ಸಿ ತಿರುಗಿಸಿದರೆ ಬ್ರೇಕರ್ ಬಿದ್ದಂತೆಯೇ. ಋತುವಿಡೀ ಇರುವವರು 50 ಆಂಪಿನದನ್ನೇ ಆರಿಸಿ. ಊರಿನಿಂದ ತಂದ 230 ವೋಲ್ಟಿನ ಮಿಕ್ಸಿ, ಗ್ರೈಂಡರ್ ಇಲ್ಲಿ ನಡೆಯುವುದಿಲ್ಲ, 110-120 ವೋಲ್ಟಿನವೇ ಬೇಕು.

"ಫೋರ್ ಸೀಸನ್" ಎಂಬ ಫಲಕ ನೋಡಿ ನಂಬಬೇಡಿ. ಟ್ಯಾಂಕುಗಳಿರುವ ಕೆಳಹೊಟ್ಟೆ ಮುಚ್ಚಿದೆಯೇ, ಅಲ್ಲಿಗೆ ಹೀಟರಿನ ಬಿಸಿಗಾಳಿಯ ಕೊಳವೆ ಹೋಗಿದೆಯೇ, ಕಿಟಕಿ ಎರಡು ಪದರದ ಗಾಜಿನದೇ ಎಂದು ಒಂದೊಂದಾಗಿ ಕೇಳಿ. ಅರಿಜೋನಾದ ಮರುಭೂಮಿಯಲ್ಲೂ ಜನವರಿ ರಾತ್ರಿಗಳಲ್ಲಿ ಹೊರಗಿನ ನೀರಿನ ಪೈಪು ಹೆಪ್ಪುಗಟ್ಟುವುದುಂಟು. ವಾರಂಟಿ ಪುಸ್ತಕವನ್ನೂ ಓದಿ: ಟ್ರೇಲರ್ ಕಾಯಂ ವಾಸಕ್ಕಲ್ಲ ಎಂಬ ಷರತ್ತು ಬಹುತೇಕ ಕಂಪನಿಗಳದರಲ್ಲಿ ಇರುತ್ತದೆ. ಋತುವಾಸವನ್ನು ಅವರು ಹೇಗೆ ಪರಿಗಣಿಸುತ್ತಾರೆ ಎಂಬುದನ್ನು ಕೊಳ್ಳುವ ಮೊದಲೇ ಬರಹದಲ್ಲಿ ಕೇಳಿ ಪಡೆಯಿರಿ.

3. ತೂಕದ ಲೆಕ್ಕ

ಕಾಗದ, ಪೆನ್ನು ತಗೊಳ್ಳಿ. ಕರಪತ್ರದಲ್ಲಿ ಕೊಟ್ಟ "ಹಿಚ್ ವೇಟ್" ಅನ್ನು ಲೆಕ್ಕಕ್ಕೆ ತಗೊಳ್ಳಬೇಡಿ. ಅದು ಒಣ ಟ್ರೇಲರಿನದು. ಸಾಮಾನು ತುಂಬುವ ದೊಡ್ಡ ಗೂಡು, ಬ್ಯಾಟರಿ, ಪ್ರೊಪೇನ್ ಸಿಲಿಂಡರ್, ಮಲಗುವ ಕೋಣೆಯ ಬಟ್ಟೆ ಕಪಾಟು, ವಾಷಿಂಗ್ ಮಷೀನ್ ಜಾಗ ಎಲ್ಲವೂ ಹೆಚ್ಚಾಗಿ ಮುಂಭಾಗದಲ್ಲೇ ಇರುವುದರಿಂದ ತುಂಬುತ್ತಾ ಹೋದಂತೆ ಪಿನ್ ಭಾರ ಏರುತ್ತದೆ. ಟ್ರೇಲರಿನ ಜಿವಿಡಬ್ಲ್ಯುಆರ್‌ನ ಶೇ. 22ರಷ್ಟನ್ನು ಪಿನ್ ಭಾರವೆಂದು ಹಿಡಿಯಿರಿ.

ಒಂದು ಉದಾಹರಣೆ. 33 ಅಡಿಯ ಟ್ರೇಲರ್, ಒಣ ತೂಕ 11,000, ಜಿವಿಡಬ್ಲ್ಯುಆರ್ 14,000 ಪೌಂಡ್, ಕರಪತ್ರದ ಹಿಚ್ ವೇಟ್ 2,000.

ಪಿನ್ ಭಾರ (14,000ರ ಶೇ. 22): 3,080
ಹಿಚ್: 150
ಗಂಡ ಹೆಂಡತಿ: 330
ಟ್ರಕ್ಕಿನಲ್ಲಿಡುವ ಉಪಕರಣ, ಸಣ್ಣ ಜನರೇಟರ್: 200
ಒಟ್ಟು: 3,760 ಪೌಂಡ್

ಇದರ ಮೇಲೆ ಶೇ. 10 ಕೈಯಲ್ಲಿರಲಿ, ಅಲ್ಲಿಗೆ ಸುಮಾರು 4,140. ಟ್ರಕ್ಕಿನ ಪೇಲೋಡ್ ಇಷ್ಟಿರಬೇಕು. ಕರಪತ್ರದ 2,000 ನಂಬಿದವರ ಲೆಕ್ಕ ಪಿನ್ ಒಂದರಲ್ಲೇ ಸಾವಿರ ಪೌಂಡಿಗೂ ಹೆಚ್ಚು ತಪ್ಪಿರುತ್ತದೆ.

ಟ್ರೇಲರಿನೊಳಗೆ ಹಾಕಬಹುದಾದ ಸಾಮಾನಿನ ಮಿತಿಯೂ ಬಾಗಿಲ ಬಳಿಯ ಹಳದಿ ಸ್ಟಿಕ್ಕರಿನಲ್ಲಿ ಇರುತ್ತದೆ. ಈ ಉದಾಹರಣೆಯಲ್ಲಿ 14,000ದಿಂದ 11,000 ಕಳೆದರೆ 3,000. ಒಂದು ಅಮೆರಿಕನ್ ಗ್ಯಾಲನ್ ನೀರು 8.34 ಪೌಂಡ್ ತೂಗುತ್ತದೆ, 60 ಗ್ಯಾಲನ್ ತುಂಬಿದರೆ 500 ಪೌಂಡ್ ಅಲ್ಲೇ ಮುಗಿಯಿತು. ಐದು ತಿಂಗಳಿಗಾಗುವಷ್ಟು ಅಕ್ಕಿ ಮೂಟೆ, ಬೇಳೆ, ಕಲ್ಲಿನ ಗ್ರೈಂಡರ್, ಸೈಕಲ್ಲು, ಕುರ್ಚಿ ಮೇಜು ಸೇರಿದರೆ ಉಳಿದದ್ದೂ ಬೇಗ ಕರಗುತ್ತದೆ. ಪಾರ್ಕಿಗೆ ಹೋಗುವವರು ಕುಡಿಯಲು, ಶೌಚಕ್ಕೆ ಆಗುವಷ್ಟೇ ನೀರು ತುಂಬಿ. ಸಾಮಾನನ್ನು ಅಲ್ಲೇ ಕೊಳ್ಳಿ, ಫೀನಿಕ್ಸ್ ಆಸುಪಾಸಿನಲ್ಲೂ ಹ್ಯೂಸ್ಟನ್, ಡಲ್ಲಾಸ್‌ನಲ್ಲೂ ಭಾರತೀಯ ಅಂಗಡಿಗಳಿಗೆ ಬರವಿಲ್ಲ.

4. ಟ್ರಕ್ ಆರಿಸುವುದು

ಚಾಲಕನ ಬಾಗಿಲು ತೆರೆದರೆ ಕಂಬದ ಮೇಲೆ ಟೈರು ಮತ್ತು ಭಾರದ ಸ್ಟಿಕ್ಕರ್ ಇರುತ್ತದೆ. ಕೂತವರ ಹಾಗೂ ಸರಕಿನ ಒಟ್ಟು ತೂಕ ಇಷ್ಟನ್ನು ಮೀರಬಾರದು ಎಂದು ಒಂದು ಸಂಖ್ಯೆ ಅಲ್ಲಿ ಬರೆದಿರುತ್ತದೆ. ಅದೇ ಆ ಟ್ರಕ್ಕಿನ ಪೇಲೋಡ್. ಒಂದೇ ಮಾಡೆಲಿನ ಎರಡು ಟ್ರಕ್‌ಗಳಲ್ಲೂ ಈ ಸಂಖ್ಯೆ ಬೇರೆ ಬೇರೆ ಇರುತ್ತದೆ, ಯಾಕೆಂದರೆ ಸನ್‌ರೂಫ್, ಚರ್ಮದ ಸೀಟು, ದೊಡ್ಡ ಕ್ಯಾಬಿನ್, ಫೋರ್ ವೀಲ್ ಡ್ರೈವ್ ಎಲ್ಲವೂ ಪೇಲೋಡನ್ನು ತಿನ್ನುತ್ತವೆ. ತುಂಬಿದ ಇಂಧನ ಟ್ಯಾಂಕಿನ ತೂಕ ಕಳೆದೇ ಈ ಸಂಖ್ಯೆ ಬಂದಿದೆ, ಚಾಲಕನದು ಕಳೆದಿಲ್ಲ. ಕೊಂಡ ಮೇಲೆ ಹಾಕಿಸಿದ ತೊಟ್ಟಿಯ ಮುಚ್ಚಳ, ಪಾದದ ಮೆಟ್ಟಿಲುಗಳ ತೂಕವನ್ನು ನೀವೇ ಕಳೆಯಬೇಕು.

ಜಾಹೀರಾತಿನ ಎಳೆತದ ಸಂಖ್ಯೆ ಬರುವುದು ಎಸ್‌ಎಇ ಜೆ2807 ಎಂಬ ಮಾನದಂಡದಿಂದ. ಅದರಲ್ಲಿ ಟ್ರಕ್ಕಿನೊಳಗೆ ತಲಾ 150 ಪೌಂಡಿನ ಇಬ್ಬರು, ಜೊತೆಗೆ ಸ್ವಲ್ಪ ಎಳೆತದ ಸಾಮಾನು ಮಾತ್ರ ಇರುತ್ತದೆಂದು ಹಿಡಿದಿರುತ್ತಾರೆ. ಆ ಸಂಖ್ಯೆ ಸುಳ್ಳಲ್ಲ, ಆದರೆ ಫಿಫ್ತ್ ವೀಲಿನಲ್ಲಿ ಅದನ್ನು ಮುಟ್ಟುವ ಎಷ್ಟೋ ಮೊದಲೇ ಪೇಲೋಡ್ ಮುಗಿದಿರುತ್ತದೆ.

ಹಾಫ್ ಟನ್ (ಈ ಟನ್ ಲೆಕ್ಕ ವರ್ಗದ ಹೆಸರಷ್ಟೇ, ನಿಜವಾಗಿ ಹೊರುವ ತೂಕವಲ್ಲ), ಅಂದರೆ ಎಫ್-150, ರಾಮ್ 1500, ಸಿಲ್ವರಾಡೊ 1500 ವರ್ಗ. ಪೇಲೋಡ್ ಸಾಮಾನ್ಯವಾಗಿ 1,400ರಿಂದ 2,000. "ಹಾಫ್ ಟನ್ ಎಳೆಯಬಹುದು" ಎಂಬ ಸ್ಟಿಕ್ಕರ್ ಹಚ್ಚಿದ 8,000 ಪೌಂಡಿನ ಟ್ರೇಲರನ್ನೇ ತಗೊಳ್ಳಿ: ಪಿನ್ 1,760, ಹಿಚ್ 150, ಇಬ್ಬರು 330, ಒಟ್ಟು 2,240. ಋತುವಾಸದ ಫಿಫ್ತ್ ವೀಲಿಗೆ ಈ ವರ್ಗವನ್ನು ಬಿಟ್ಟುಬಿಡಿ.

ಮುಕ್ಕಾಲು ಟನ್, ಅಂದರೆ 250 ಅಥವಾ 2500. ಹೆಚ್ಚು ಜನ ಎಡವುವುದು ಇಲ್ಲೇ. ಈ ವರ್ಗದ ಬಹಳಷ್ಟು ಟ್ರಕ್‌ಗಳ ಜಿವಿಡಬ್ಲ್ಯುಆರ್ 10,000 ಪೌಂಡಿಗೆ ಕಟ್ಟುಬಿದ್ದಿರುತ್ತದೆ. ಡೀಸೆಲ್ ಎಂಜಿನ್ ಪೆಟ್ರೋಲ್ ಎಂಜಿನ್ನಿಗಿಂತ ನೂರಾರು ಪೌಂಡ್ ಭಾರವಾದ್ದರಿಂದ ಡೀಸೆಲ್ ಮಾಡೆಲಿನಲ್ಲಿ ಉಳಿಯುವ ಪೇಲೋಡ್ ಸಾಮಾನ್ಯವಾಗಿ 2,000-2,500 ಅಷ್ಟೇ. ಬಲಿಷ್ಠ ಎಂಜಿನ್, ಸಣಕಲು ಪೇಲೋಡ್. 9,000 ಪೌಂಡಿನೊಳಗಿನ ಟ್ರೇಲರಿಗೆ ಸರಿ.

ಒಂದು ಟನ್, ಅಂದರೆ 350 ಅಥವಾ 3500. ಹಿಂದೆ ಪ್ರತಿ ಬದಿಗೆ ಒಂದೇ ಟೈರು ಇರುವುದರಲ್ಲಿ ಪೇಲೋಡ್ 4,000ದ ಆಸುಪಾಸು, ಹಿಂದಿನ ಆಕ್ಸಲ್‌ನ ಮಿತಿ ಸುಮಾರು 7,000. ಹೊರಗಿನಿಂದ ಮುಕ್ಕಾಲು ಟನ್ನಿನಂತೆಯೇ ಕಾಣುತ್ತದೆ, ಬೆಲೆಯ ಅಂತರವೂ ಅಲ್ಪ. ಹೊಸದು ಕೊಳ್ಳುವವರು ಮುಕ್ಕಾಲು ಟನ್ ಕೊಳ್ಳಲು ಸಕಾರಣವೇ ಇಲ್ಲ ಅಂತ ನನ್ನ ಅಭಿಪ್ರಾಯ, ಕೆಲವು ರಾಜ್ಯಗಳ ನೋಂದಣಿ ಶುಲ್ಕದ ವ್ಯತ್ಯಾಸ ಹೊರತು. ಹಿಂದೆ ನಾಲ್ಕು ಟೈರಿರುವುದನ್ನು ಡ್ಯೂಲಿ ಎನ್ನುತ್ತಾರೆ. ಜಿವಿಡಬ್ಲ್ಯುಆರ್ 14,000, ಪೇಲೋಡ್ 5,000 ದಾಟುತ್ತದೆ. ನಮ್ಮ ಉದಾಹರಣೆಯ 4,140ಕ್ಕೆ ಒಂಟಿ ಟೈರಿನದು ಅಂಚಿನಲ್ಲಿ ನಿಲ್ಲುತ್ತದೆ, ಡ್ಯೂಲಿ ನಿರಾಳ. ಟೈರೊಂದು ಸಿಡಿದಾಗ ಪಕ್ಕದಲ್ಲಿ ಇನ್ನೊಂದಿರುವುದು ಅದರ ದೊಡ್ಡ ಗುಣ. ಅಂಗಡಿಯ ಪಾರ್ಕಿಂಗಿನಲ್ಲಿ, ಕಾರ್ ವಾಶಿನಲ್ಲಿ ಹಿಡಿಸದಿರುವುದು ಅದರ ದೊಡ್ಡ ರಗಳೆ.

ಡೀಸೆಲ್ಲೋ ಪೆಟ್ರೋಲೋ? ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್ ಪ್ರತಿ 1,000 ಅಡಿ ಎತ್ತರಕ್ಕೆ ಸುಮಾರು ಶೇ. 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಕೊಲೊರಾಡೊದ ಐಸೆನ್‌ಹೋವರ್ ಸುರಂಗ ಇರುವುದು 11,000 ಅಡಿಗೂ ಮೇಲೆ, ಅಲ್ಲಿ ಮೂರನೇ ಒಂದು ಪಾಲು ಶಕ್ತಿ ಇರುವುದೇ ಇಲ್ಲ. ಡೀಸೆಲ್ಲಿನ ನಿಜವಾದ ಲಾಭ ಇಳಿಜಾರಿನಲ್ಲಿ: ಎಕ್ಸಾಸ್ಟ್ ಬ್ರೇಕ್ ಎಂಜಿನ್ನಿನ ಹೊಗೆದಾರಿಯನ್ನು ಬಿಗಿಮಾಡಿ ಇಡೀ ಜೋಡಿಯನ್ನು ತಡೆದು ಹಿಡಿಯುತ್ತದೆ. ಫ್ಲ್ಯಾಗ್‌ಸ್ಟಾಫಿನಿಂದ ಫೀನಿಕ್ಸಿಗೆ ಐ-17ರಲ್ಲಿ ಇಳಿಯುವಾಗ ಕಾಲು ಬ್ರೇಕನ್ನೇ ನೆಚ್ಚಿದವರ ಬ್ರೇಕು ಕಾದು ಹಿಡಿತ ಬಿಡುತ್ತದೆ. ಆದರೆ ಡೀಸೆಲ್ಲಿಗೆ ಹತ್ತು ಸಾವಿರ ಡಾಲರಿನಷ್ಟು ಹೆಚ್ಚು ಕೊಡಬೇಕು, ಹೊಗೆಯನ್ನು ಶುದ್ಧಮಾಡುವ ಡಿಇಎಫ್ ದ್ರವ ತುಂಬುತ್ತಿರಬೇಕು. ಬರೀ ಎರಡು ಮೈಲಿಯ ಓಡಾಟದಲ್ಲೇ ಋತು ಕಳೆದರೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಬಯಲುನಾಡಿನ ಫ್ಲಾರಿಡಾ, ಟೆಕ್ಸಸ್ ದಾರಿಗೆ 12,000 ಪೌಂಡಿನೊಳಗಾದರೆ ದೊಡ್ಡ ಪೆಟ್ರೋಲ್ ಎಂಜಿನ್ ಸಾಕು. ಅದರಲ್ಲಿ ಪೇಲೋಡೂ ಹೆಚ್ಚು ಉಳಿಯುತ್ತದೆ.

ತೊಟ್ಟಿ 8 ಅಡಿಯದಾದರೆ ಚಿಂತೆಯಿಲ್ಲ. ಆರೂವರೆ ಅಡಿಯದಾದರೆ ಬಿಗಿ ತಿರುವಿನಲ್ಲಿ ಟ್ರೇಲರಿನ ಮೂಲೆ ಕ್ಯಾಬಿನ್ನಿನ ಹಿಂದಿನ ಗಾಜಿಗೆ ಬಡಿಯುವ ಅಪಾಯವಿದೆ. ಐದೂವರೆಯದು ಬೇಡವೇ ಬೇಡ.

5. ಹಿಚ್ ಮತ್ತು ಎತ್ತರ

ಹೊಸ ಟ್ರಕ್‌ಗಳಲ್ಲಿ ಕಾರ್ಖಾನೆಯೇ ತೊಟ್ಟಿಯ ತಳದಲ್ಲಿ ಪಕ್ ಎಂಬ ಕುಳಿಗಳನ್ನು ಕೊಟ್ಟಿರುತ್ತದೆ, ಅದಕ್ಕೆ ಹೊಂದುವ ಹಿಚ್ ಕೊಂಡರೆ ಕೊರೆಯುವ ಕೆಲಸವಿಲ್ಲ. ಸಣ್ಣ ತೊಟ್ಟಿಗೆ ಹಿಂದಕ್ಕೆ ಜಾರುವ ಸ್ಲೈಡರ್ ಹಿಚ್ ಅಥವಾ ತಿರುಗುವ ಬಿಂದುವನ್ನೇ ಹಿಂದಕ್ಕೆ ಒಯ್ಯುವ ಪಿನ್ ಬಾಕ್ಸ್ ಹಾಕಿಸಿ. ಅಲ್ಯೂಮಿನಿಯಂ ಹಿಚ್‌ಗಳು 40 ಪೌಂಡಿನೊಳಗೂ ಸಿಗುತ್ತವೆ, ಉಕ್ಕಿನವು 150-250. ಪೇಲೋಡ್ ಬಿಗಿ ಇದ್ದವರಿಗೆ ಆ ನೂರು ಪೌಂಡೂ ಉಳಿತಾಯವೇ.

ಕೂಡಿಸಿದ ಮೇಲೆ ಸಮತಟ್ಟಾದ ನೆಲದಲ್ಲಿ ಎರಡು ಅಳತೆ. ತೊಟ್ಟಿಯ ಅಂಚಿಗೂ ಟ್ರೇಲರಿನ ಚಾಚಿಗೂ ನಡುವೆ ಕನಿಷ್ಠ ಐದೂವರೆ ಆರು ಇಂಚು ತೆರವು ಇರಲಿ, ಇಲ್ಲದಿದ್ದರೆ ಹಳ್ಳ ದಿಣ್ಣೆಯಲ್ಲಿ ಒಂದು ಇನ್ನೊಂದನ್ನು ಜಜ್ಜುತ್ತದೆ. ಜೊತೆಗೆ ಟ್ರೇಲರ್ ಮಟ್ಟಸವಾಗಿ ನಿಂತಿರಬೇಕು. ಈಗಿನ ಫೋರ್ ವೀಲ್ ಡ್ರೈವ್ ಟ್ರಕ್‌ಗಳ ತೊಟ್ಟಿ ಎತ್ತರ ಇರುವುದರಿಂದ ಮೂಗು ಮೇಲೆದ್ದು ಹಿಂದಿನ ಆಕ್ಸಲ್‌ನ ಟೈರುಗಳ ಮೇಲೆ ಹೆಚ್ಚು ಭಾರ ಬೀಳುತ್ತದೆ. ಹಿಚ್ಚಿನ ಎತ್ತರ ಇಳಿಸಿ. ತೆರವು ಸಾಲದಿದ್ದರೆ ಟ್ರೇಲರಿನ ಸ್ಪ್ರಿಂಗನ್ನು ಎತ್ತರಿಸಿ.

6. ಹಳೆಯ ಟ್ರೇಲರ್ ಕೊಳ್ಳುವಾಗ

ನೀರಿನ ಸೋರಿಕೆಯೇ ಆರ್‌ವಿಯ ಕ್ಷಯರೋಗ. ಏಣಿ ಹಾಕಿ ಚಾವಣಿ ಹತ್ತಿ. ಗಾಳಿಕಿಂಡಿ, ಆಂಟೆನಾ, ಅಂಚುಗಳ ಸುತ್ತ ಹಚ್ಚಿದ ಸೀಲಂಟ್ ಬಿರುಕು ಬಿಟ್ಟಿದೆಯೇ ನೋಡಿ. ಒಳಗೆ ಮೇಲಿನ ಮೂಲೆಗಳಲ್ಲಿ, ಕಪಾಟಿನ ಹಿಂದೆ, ಸ್ಲೈಡಿನ ನೆಲದ ಅಂಚಿನಲ್ಲಿ ಹೆಬ್ಬೆರಳಿನಿಂದ ಒತ್ತಿ. ಮೆತ್ತಗೆ ಕುಸಿದರೆ ಒಳಗಿನ ಮರ ಕೊಳೆತಿದೆ. ಹೊರಗಿನ ಫೈಬರ್ ಗ್ಲಾಸ್ ಗೋಡೆಯನ್ನು ಇಳಿಬಿಸಿಲಿನಲ್ಲಿ ಓರೆಯಿಂದ ನೋಡಿ, ಉಬ್ಬು ಅಲೆ ಕಂಡರೆ ಒಳಪದರ ಬಿಟ್ಟುಕೊಂಡಿದೆ. ಅದರ ದುರಸ್ತಿಗೆ ಟ್ರೇಲರಿನ ಅರ್ಧ ಬೆಲೆ ಹೋಗಬಹುದು, ಎದ್ದು ಬನ್ನಿ. ಮುಂಭಾಗದ ಚಾಚು ದೇಹಕ್ಕೆ ಸೇರುವ ಕಡೆ ಚೌಕಟ್ಟಿನ ಬೆಸುಗೆಯಲ್ಲಿ ಬಣ್ಣ ಸೀಳಿದ್ದರೂ ಹಾಗೆಯೇ. ಅದು ಚೌಕಟ್ಟು ಬಾಗುತ್ತಿರುವ ಗುರುತು.

ಟೈರಿನ ಮಗ್ಗುಲಲ್ಲಿ ಡಾಟ್ (DOT) ಎಂಬ ಅಕ್ಷರಗಳ ಮುಂದಿರುವ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ಓದಿ. 2319 ಎಂದರೆ 2019ರ 23ನೇ ವಾರದ್ದು. ಹಲ್ಲು ಎಷ್ಟೇ ಚೆನ್ನಾಗಿದ್ದರೂ ಐದಾರು ವರ್ಷ ದಾಟಿದ ಟ್ರೇಲರ್ ಟೈರನ್ನು ನಂಬಬಾರದು, ನಿಂತಲ್ಲೇ ನಿಂತು ಬಿಸಿಲಿಗೆ ಒಳಗಿನಿಂದ ಸಾಯುತ್ತದೆ. 14,000 ಪೌಂಡಿನ ಟ್ರೇಲರಿಗೆ ಲೋಡ್ ರೇಂಜ್ (ಭಾರ ಹೊರುವ ದರ್ಜೆ) ಇ ಟೈರುಗಳಲ್ಲಿ ಮಿಗುವ ಶಕ್ತಿ ತೀರಾ ಕಡಿಮೆ. ಜಿ ದರ್ಜೆಗೆ ಏರಿಸುವುದು ಒಳ್ಳೆಯದು, ಆದರೆ ಅದರ 110 ಪಿಎಸ್‌ಐ ಒತ್ತಡವನ್ನು ನಿಮ್ಮ ರಿಮ್ ತಡೆಯುತ್ತದೆಯೇ ಎಂದು ಮೊದಲು ನೋಡಿ. ವಾಟರ್ ಹೀಟರಿನ ಪ್ಲಗ್ ಬಿಚ್ಚಿಸಿ. ಉಕ್ಕಿನ ಟ್ಯಾಂಕಿನದಾದರೆ ಅದಕ್ಕೆ ಅಂಟಿಕೊಂಡು ಆನೋಡ್ ಎಂಬ ಲೋಹದ ಕಡ್ಡಿ ಹೊರಬರುತ್ತದೆ. ಅದು ತಂತಿಯಷ್ಟು ಸವೆದಿದ್ದರೆ ಹಿಂದಿನ ಮಾಲೀಕರು ಉಳಿದದ್ದನ್ನು ಹೇಗೆ ನೋಡಿಕೊಂಡರು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಹತ್ತು ವರ್ಷಕ್ಕಿಂತ ಹಳೆಯ ಟ್ರೇಲರಿಗೆ ಜಾಗ ಕೊಡದ ಪಾರ್ಕುಗಳಿವೆ. ಹಳೆಯದನ್ನು ಕೊಳ್ಳುವ ಮುನ್ನ ನೀವು ಹೋಗುವ ಪಾರ್ಕಿಗೆ ಒಂದು ಫೋನ್ ಮಾಡಿ.

7. ಲೈಸೆನ್ಸ್, ದಾರಿ

ಕ್ಯಾಲಿಫೋರ್ನಿಯಾದಲ್ಲಿ 10,000ದಿಂದ 15,000 ಪೌಂಡಿನ ಫಿಫ್ತ್ ವೀಲಿಗೆ ಲೈಸೆನ್ಸಿನ ಮೇಲೆ ಹೆಚ್ಚುವರಿ ಅನುಮತಿ ಬೇಕು, 15,000 ದಾಟಿದರೆ ವಾಣಿಜ್ಯೇತರ ಕ್ಲಾಸ್ ಎ ದರ್ಜೆಯ ಲೈಸೆನ್ಸ್. ಟೆಕ್ಸಸ್‌ನಲ್ಲಿ ಟ್ರೇಲರ್ 10,000 ಮೀರಿ ಜೋಡಿಯ ಮಿತಿ 26,000 ಮೀರಿದರೆ ಕ್ಲಾಸ್ ಎ. ಒಂಟಾರಿಯೊದ ಜಿ ಲೈಸೆನ್ಸಿನಲ್ಲಿ 4,600 ಕೆ.ಜಿ.ಗಿಂತ ಭಾರದ ಟ್ರೇಲರ್ ಎಳೆಯುವಂತಿಲ್ಲ, ಬ್ರಿಟಿಷ್ ಕೊಲಂಬಿಯಾದಲ್ಲೂ ಆ ಮಿತಿ ದಾಟಿದರೆ ಪ್ರತ್ಯೇಕ ಅನುಮತಿ ಬೇಕು.

ಎಸಿಯ ತುದಿಯವರೆಗೆ ಎತ್ತರವನ್ನು ನೀವೇ ಅಳೆದು ಡ್ಯಾಶ್‌ಬೋರ್ಡಿಗೆ ಅಂಟಿಸಿ. ಬಹಳಷ್ಟು ಫಿಫ್ತ್ ವೀಲುಗಳು 13 ಅಡಿ ಮುಟ್ಟುತ್ತವೆ. ಕಾರಿನ ಮ್ಯಾಪ್ ಸೇತುವೆಯ ಎತ್ತರ ನೋಡುವುದಿಲ್ಲ, ಆರ್‌ವಿ ಅಥವಾ ಟ್ರಕ್ಕಿನ ಜಿಪಿಎಸ್ ಬಳಸಿ. ನ್ಯೂಜೆರ್ಸಿ ಕಡೆಯಿಂದ ಹೊರಡುವವರಿಗೆ: ನ್ಯೂಯಾರ್ಕ್ ಪಾರ್ಕ್‌ವೇಗಳಲ್ಲಿ ಟ್ರೇಲರಿಗೆ ಪ್ರವೇಶವಿಲ್ಲ. ಬಾಲ್ಟಿಮೋರ್‌ನ ಬಂದರು ಸುರಂಗಗಳಲ್ಲಿ ನಿಮ್ಮ ಗಾತ್ರದ ಪ್ರೊಪೇನ್ ಸಿಲಿಂಡರಿಗೆ ನಿಷೇಧವಿದೆ, ಸುತ್ತಿ ಹೋಗಬೇಕು.

8. ಕೊಂಡಿ ಹಾಕುವ ಕ್ರಮ

ಮೊದಲ ಸಲ ಖಾಲಿ ಮೈದಾನದಲ್ಲಿ ಅಭ್ಯಾಸ ಮಾಡಿ. ಹೆಚ್ಚು ಜನ ಮಾಡುವ ಅನಾಹುತವೆಂದರೆ ಟ್ರೇಲರನ್ನು ತೊಟ್ಟಿಯ ಅಂಚಿನ ಮೇಲೆ ಕೆಡವುವುದು. ದವಡೆ ಮುಚ್ಚಿದಂತೆ ಕಂಡರೂ ಪಿನ್ನನ್ನು ಹಿಡಿದಿರುವುದಿಲ್ಲ. ಟ್ರೇಲರನ್ನು ಆತು ನಿಲ್ಲಿಸಿರುವ ಮುಂದಿನ ಕಾಲುಗಳನ್ನು ಎತ್ತಿ ಟ್ರಕ್ ಮುಂದೆ ಬಿಟ್ಟೊಡನೆ ಮೂರು ಸಾವಿರ ಪೌಂಡ್ ತೊಟ್ಟಿಯ ಮೇಲೆ ಕೂರುತ್ತದೆ. ಇದು ಆಗದಂತೆ:

ಅ) ಟ್ರೇಲರಿನ ಚಕ್ರಗಳಿಗೆ ಎರಡೂ ಕಡೆಯಿಂದ ಅಡ್ಡಗಟ್ಟೆ ಕೊಡಿ. ಟ್ರಕ್ಕಿನ ಹಿಂಬಾಗಿಲು ಇಳಿಸಿ, ದವಡೆ ತೆರೆಯಿರಿ.
ಆ) ಟ್ರೇಲರಿನ ಪಿನ್ ಫಲಕವು ಹಿಚ್ಚಿನ ತಟ್ಟೆಗಿಂತ ಅರ್ಧ ಇಂಚಿನಷ್ಟು ಕೆಳಗಿರಲಿ. ಹಿಮ್ಮುಖ ಬರುವಾಗ ಹಿಚ್ ಅದನ್ನು ಎತ್ತಿಕೊಳ್ಳಬೇಕು. ಪಿನ್ ಎತ್ತರದಲ್ಲಿದ್ದರೆ ದವಡೆ ಅದರ ತುದಿಯನ್ನಷ್ಟೇ ಹಿಡಿಯುತ್ತದೆ.
ಇ) ನಿಧಾನಕ್ಕೆ ಹಿಂದೆ ಬನ್ನಿ. ಲಿವರ್ ಕೂತ ಸದ್ದಾದ ಮೇಲೆ ಇಳಿದು ಟಾರ್ಚ್ ಹಿಡಿದು ನೋಡಿ: ದವಡೆ ಪಿನ್ನಿನ ಹಿಂದೆ ಪೂರ್ತಿ ಮುಚ್ಚಿದೆಯೇ, ಎರಡು ತಟ್ಟೆಗಳ ನಡುವೆ ಬೆಳಕು ಕಾಣುತ್ತದೆಯೇ? ಬೆಳಕು ಕಂಡರೆ ಮತ್ತೆ ಮೊದಲಿನಿಂದ. ಸರಿಯಿದ್ದರೆ ಲಿವರಿಗೆ ಸುರಕ್ಷಾ ಕ್ಲಿಪ್ ಸಿಕ್ಕಿಸಿ.
ಈ) ಏಳು ಪಿನ್ನಿನ ಕರೆಂಟ್ ಕೇಬಲ್, ತುರ್ತು ಬ್ರೇಕಿನ ತಂತಿ ಜೋಡಿಸಿ. ಟ್ರೇಲರ್ ಕಳಚಿದರೆ ಆ ತಂತಿ ಕಿತ್ತು ಅದರ ಬ್ರೇಕು ತಾನಾಗಿ ಬೀಳುತ್ತದೆ.
ಉ) ಟ್ರೇಲರಿನ ಕಾಲುಗಳನ್ನು ನೆಲದಿಂದ ಒಂದೇ ಇಂಚು ಎತ್ತಿ. ಟ್ರಕ್ಕಿನೊಳಗಿನ ನಿಯಂತ್ರಕದಿಂದ ಟ್ರೇಲರ್ ಬ್ರೇಕನ್ನು ಕೈಯಲ್ಲೇ ಹಾಕಿ ಹಿಡಿದು ಟ್ರಕ್ಕನ್ನು ಮೆಲ್ಲಗೆ ಮುಂದಕ್ಕೆ ಎಳೆಸಿ. ಕೊಂಡಿ ಬಿಟ್ಟುಕೊಂಡರೂ ಬೀಳುವುದು ಒಂದೇ ಇಂಚು.
ಊ) ಎಲ್ಲ ಸರಿಯಿದ್ದ ಮೇಲೆ ಕಾಲು ಪೂರ್ತಿ ಎತ್ತಿ, ಹಿಂಬಾಗಿಲು ಹಾಕಿ, ಅಡ್ಡಗಟ್ಟೆ ತೆಗೆದು ದೀಪಗಳನ್ನು ಪರೀಕ್ಷಿಸಿ.

ಮೊದಲ ಪಯಣದಲ್ಲೇ ಹೆದ್ದಾರಿ ಬದಿಯ ಟ್ರಕ್ ಸ್ಟಾಪಿನಲ್ಲಿ ಕ್ಯಾಟ್ ಸ್ಕೇಲಿನಲ್ಲಿ ತೂಗಿಸಿ, ಖರ್ಚು ಹದಿನೈದು ಡಾಲರಿನ ಆಸುಪಾಸು. ಟ್ರಕ್ಕಿನ ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್, ಟ್ರೇಲರ್ ಮೂರೂ ಬೇರೆ ಬೇರೆ ತಟ್ಟೆಯ ಮೇಲೆ ನಿಲ್ಲಬೇಕು. ಆಮೇಲೆ ಟ್ರೇಲರ್ ಬಿಟ್ಟು ಟ್ರಕ್ ಮಾತ್ರ ತೂಗಿಸಿ. ಎರಡು ಸಲದ ಟ್ರಕ್ ತೂಕದ ವ್ಯತ್ಯಾಸವೇ ನಿಮ್ಮ ನಿಜವಾದ ಪಿನ್ ಭಾರ.

9. ಪಾರ್ಕಿನಲ್ಲಿ, ಋತು ಮುಗಿದಾಗ

ಕರೆಂಟ್ ಕಂಬಕ್ಕೆ ನೇರವಾಗಿ ಪ್ಲಗ್ ಸಿಕ್ಕಿಸಬೇಡಿ. ಇಎಂಎಸ್ ಎಂಬ ರಕ್ಷಕ ಸಾಧನ ನಡುವೆ ಇರಲಿ. ಪಾರ್ಕ್ ತುಂಬಿದಾಗ ವೋಲ್ಟೇಜ್ ಕುಸಿದು ಎಸಿಯ ಕಂಪ್ರೆಸರ್ ಸುಡುವುದು ಮಾಮೂಲು, 104 ವೋಲ್ಟಿಗಿಂತ ಇಳಿದರೆ ಇಎಂಎಸ್ ಕರೆಂಟನ್ನೇ ಕಡಿಯುತ್ತದೆ. ನಲ್ಲಿಗೆ 40-60 ಪಿಎಸ್‌ಐ ಒತ್ತಡ ನಿಯಂತ್ರಕ ಹಾಕಿ. ಶೌಚದ ಟ್ಯಾಂಕಿನ ಕವಾಟವನ್ನು ಸದಾ ತೆರೆದಿಡಬೇಡಿ: ನೀರೆಲ್ಲ ಹರಿದುಹೋಗಿ ಗಟ್ಟಿ ಪದಾರ್ಥ ಗೋಪುರದಂತೆ ಕೂರುತ್ತದೆ, ಆಮೇಲೆ ಅದನ್ನು ಬಿಡಿಸುವವರೇ ಸಿಗುವುದಿಲ್ಲ. ಮುಚ್ಚಿಡಿ, ಮುಕ್ಕಾಲು ತುಂಬಿದಾಗ ಬಿಡಿ. ಅದಾದ ಮೇಲೆ ಪಾತ್ರೆ, ಸ್ನಾನದ ನೀರಿನ ಟ್ಯಾಂಕನ್ನು ಹರಿಯಬಿಟ್ಟರೆ ಕೊಳವೆಯೂ ತೊಳೆಯುತ್ತದೆ.

ಟ್ರೇಲರನ್ನು ಹಿಮ ಬೀಳುವ ಊರಿಗೆ ವಾಪಸ್ ತಂದು ನಿಲ್ಲಿಸುವುದಾದರೆ ವಾಟರ್ ಹೀಟರ್ ಖಾಲಿಮಾಡಿ, ಅದನ್ನು ಬೈಪಾಸ್ ಮಾಡಿ, ಎರಡು ಮೂರು ಗ್ಯಾಲನ್ ಗುಲಾಬಿ ಬಣ್ಣದ ಆರ್‌ವಿ ಆಂಟಿಫ್ರೀಜನ್ನು ಪಂಪಿನ ಮೂಲಕ ಪ್ರತಿ ನಲ್ಲಿ, ಶವರ್, ಶೌಚಾಲಯದಲ್ಲೂ ಗುಲಾಬಿ ಬರುವವರೆಗೆ ಹರಿಸಿ. ಕಾರಿನ ಹಸಿರು ಆಂಟಿಫ್ರೀಜ್ ವಿಷ, ಅದನ್ನು ಮುಟ್ಟಬೇಡಿ. ಅರಿಜೋನಾದಲ್ಲೇ ಬೇಸಿಗೆಗೆ ಬಿಟ್ಟು ಹೋಗುವವರು ಟೈರುಗಳಿಗೆ ಬಿಸಿಲು ತಾಗದ ಹೊದಿಕೆ ಹಾಕಿ, ಬ್ಯಾಟರಿಯ ಸಂಪರ್ಕ ತೆಗೆಯಿರಿ, ಧಾನ್ಯ ಬೇಳೆಯನ್ನು ಪೂರ್ತಿ ಖಾಲಿ ಮಾಡಿ, ಕೆಳಗಿನ ಪೈಪು ತಂತಿಗಳ ತೂತುಗಳನ್ನು ಉಕ್ಕಿನ ನಾರಿನಿಂದ ತುಂಬಿ, ಇಲ್ಲದಿದ್ದರೆ ಇಲಿಗಳ ಪಾಲು. ಮತ್ತೆ ಹೊರಡುವ ಮುನ್ನ ಚಾವಣಿಯ ಸೀಲಂಟ್ ನೋಡಿ, ಟೈರಿಗೆ ತಣ್ಣಗಿರುವಾಗಲೇ ಗಾಳಿ ತುಂಬಿಸಿ. ಚಕ್ರ ಬಿಚ್ಚಿ ಹಾಕಿದ್ದರೆ ಅದರ ನಟ್ಟುಗಳನ್ನು 10, 25, 50 ಮೈಲಿ ಓಡಿದ ಮೇಲೆ ಒಂದೊಂದು ಸಲ ಟಾರ್ಕ್ ಪಾನಾದಿಂದ ಬಿಗಿಮಾಡಿ.